ಎರಡು ಕಿಲೋ ಜಗಳ

ನಮ್ಮೂರಲ್ಲಿ ಜಗಳ ಆಡಬೇಕೆಂದರೆ ಯಂತ್ರ ಮಾಡಬೇಕು. ಬಾಯಲ್ಲಿ ಆಡುವುದನ್ನು ಯಾರೂ ಜಗಳ ಅನ್ನುವುದಿಲ್ಲ, ಅದು ಬರೀ ಮಾತು. ಒಂದು ವಿಷಯ ಇತ್ಯರ್ಥ ಆಗಲೇಬೇಕು ಅಂತ ಇಬ್ಬರಲ್ಲಿ ಒಬ್ಬರಿಗೆ ಅನ್ನಿಸಿದರೆ ಅವರು ನೀರಿನ ಟ್ಯಾಂಕಿನ ಪಕ್ಕದ ಜಗಳದ ಕಚೇರಿಗೆ ಹೋಗಿ ಅರ್ಜಿ ಕೊಡುತ್ತಾರೆ. ಅಲ್ಲಿಂದ ಒಂದು ತಿಂಗಳ ಗಡುವು. ಇಬ್ಬರೂ ತಮ್ಮ ಕೈಯಾರೆ ಎರಡು ಕಿಲೋ ಮೀರದ ಒಂದೊಂದು ಯಂತ್ರ ಮಾಡಿ ತಂದು ಕಚೇರಿಯ ಹಿತ್ತಲಿನ ಕಣದಲ್ಲಿ ಬಿಡಬೇಕು. ಯಾರ ಯಂತ್ರ ಗೆಲ್ಲುತ್ತದೋ ಅವರ ಮಾತು ನಡೆಯುತ್ತದೆ. ಸೋತವರೇ ಅದನ್ನು ನಡೆಸಿಕೊಡಬೇಕು. ಆಮೇಲೆ ಆ ವಿಷಯ ಎತ್ತುವ ಹಾಗಿಲ್ಲ. ಹೀಗಾಗಿ ನಮ್ಮಲ್ಲಿ ಜಗಳಗಳು ಕಮ್ಮಿ. ನಾವೇನೂ ಒಳ್ಳೆಯವರಲ್ಲ. ಪಕ್ಕದ ಮನೆಯವರು ಕಸವನ್ನು ನಮ್ಮ ಕಡೆ ಗುಡಿಸಿದರೆ ಸಿಟ್ಟು ಬರುತ್ತದೆ, ಆದರೆ ಮೋಟರು ಹುಡುಕಿಕೊಂಡು ಯಾರು ಅಲೆಯುತ್ತಾರೆ ಅಂತ ನಾವೇ ಗುಡಿಸಿಕೊಳ್ಳುತ್ತೇವೆ.

ಐವತ್ತೊಂದು ವರ್ಷ ತುಂಬುವವರೆಗೆ ನಾನೂ ಯಂತ್ರ ಮಾಡಿದವಳಲ್ಲ. ಮನೆಯಲ್ಲೇ ಕೂತು ಸೀರೆಗೆ ಫಾಲ್ ಹಚ್ಚಿ, ಪಿಕೋ ಮಾಡಿ ಕೊಡುವುದು ನನ್ನ ಕೆಲಸ. ಗಿರಾಕಿ ತಗಾದೆ ತೆಗೆದರೆ ಬಿಚ್ಚಿ ಇನ್ನೊಮ್ಮೆ ಹೊಲಿದುಕೊಡುವುದೇ ಸಲೀಸು. ಕೊನೆಗೂ ನಾನು ಅರ್ಜಿ ಕೊಟ್ಟದ್ದು ನನ್ನ ಗಂಡನ ಮೇಲೆ.

ಇವರ ಹೆಸರು ಗೋವರ್ಧನ. ಊರಿನ ಪಂಪ್‌ಹೌಸಿನಲ್ಲಿ ಕೆಲಸ. ಅದಕ್ಕೂ ಮುಂಚೆ ಇವರೂ ಇವರ ಅಣ್ಣ ವರದಯ್ಯನೂ ತಮ್ಮಪ್ಪನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಭಾವ ಅಂಗಡಿ ಮಾರೋಣ ಅಂದರು, ಇವರು ಒಪ್ಪಲಿಲ್ಲ. ಇಬ್ಬರೂ ಯಂತ್ರ ಬಿಟ್ಟರು. ಅಣ್ಣನ ಯಂತ್ರ ಗೆದ್ದಿತು. ಅಂಗಡಿ ಇದ್ದ ಜಾಗದಲ್ಲಿ ಬೇಕರಿ ಬಂತು. ಭಾವ ಇವರ ಪಾಲನ್ನು ಇವರ ಕೈಗಿಟ್ಟು ಬೇರೆ ಊರಿಗೆ ಹೊರಟುಹೋದರು. ಪಾಲಿನ ಬಗ್ಗೆ ಇವರಿಗೆ ತಕರಾರಿರಲಿಲ್ಲ. ಇವರನ್ನು ಕೊರೆದದ್ದು ಬೇರೆ. ಅಣ್ಣ ಗಿರಾಕಿಗಳ ಹತ್ತಿರ ಮಾತಾಡುವವನೇ ಹೊರತು ಸ್ಕ್ರೂ ತಿರುಗಿಸುವವನಲ್ಲ. ಅಂಥ ಯಂತ್ರ ಅವನ ಕೈಯಲ್ಲಿ ಹೇಗೆ ಆಗುತ್ತದೆ? ಯಾರಿಗೋ ದುಡ್ಡು ಕೊಟ್ಟು ಮಾಡಿಸಿದ್ದಾನೆ ಅಂತ ಇವರ ಅನುಮಾನ. ಆದರೆ ತೀರ್ಮಾನವಾದ ವಿಷಯ ಎತ್ತುವ ಹಾಗಿಲ್ಲವಲ್ಲ. ಹತ್ತೊಂಬತ್ತು ವರ್ಷ ಇವರು ಅದನ್ನು ಎತ್ತಲಿಲ್ಲ. ಬರಬರುತ್ತಾ ಉಳಿದ ವಿಷಯಗಳನ್ನು ಎತ್ತುವುದನ್ನೂ ಬಿಟ್ಟರು. ಸಾರಿಗೆ ಉಪ್ಪು ಸರಿಯಿತ್ತೋ ಇಲ್ಲವೋ ಅನ್ನುವುದನ್ನು ನಾನು ಇವರ ತಟ್ಟೆ ನೋಡಿ ತಿಳಿದುಕೊಳ್ಳಬೇಕಾಗಿತ್ತು.

ಒಂದು ದಿನ ಭಾವ ಬಾಡಿಗೆಗಿದ್ದ ಮನೆಯ ಮಾಲೀಕರು ಫೋನ್ ಮಾಡಿದರು. ನಂಬರು ಎಲ್ಲಿಂದ ಸಿಕ್ಕಿತೋ. ವರದಯ್ಯನವರಿಗೆ ಲಕ್ವ ಹೊಡೆದಿದೆ, ಆಸ್ಪತ್ರೆಯಿಂದ ಬಂದು ಹದಿನೈದು ದಿನ ಆಯಿತು, ನೋಡಿಕೊಳ್ಳುವವರು ಯಾರೂ ಇಲ್ಲ. ಹೋಟೆಲಿನವರು ಊಟದ ಕ್ಯಾರಿಯರ್ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ, ಆದರೆ ಒಂದೇ ಕೈಯಲ್ಲಿ ವರದಯ್ಯನವರಿಗೆ ಅದರ ಮುಚ್ಚಳ ತೆಗೆಯಲು ಬರುವುದಿಲ್ಲ. ಮುಚ್ಚಳದ ವಿಷಯವನ್ನು ಅವರು ಎರಡು ಸಲ ಹೇಳಿದರು.

ಇವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. "ಕರಕೊಂಡು ಬಂದುಬಿಡೋಣ ಕಣ್ರೀ" ಅಂದೆ.

"ಅವನು ಹೋದ ಸುದ್ದಿ ಬಂದ್ರೆ ತಲೆ ಮೇಲೆ ನೀರು ಸುರ್ಕೋತೀನಿ" ಅಂದರು ಇವರು. "ನನ್ನ ಪಾಲಿನ ಕೆಲಸ ಅಷ್ಟೇ."

ಆ ತಿಂಗಳಲ್ಲಿ ಇವರು ಆಡಿದ ಅತಿ ಉದ್ದದ ಮಾತು ಅದು. ನನಗೇನೂ ಭಾವನ ಮೇಲೆ ಮಹಾ ಪ್ರೀತಿ ಇತ್ತು ಅಂತಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಚಿತ್ರಾನ್ನ ತಿಂದು "ಪರವಾಗಿಲ್ಲ, ಕಲೀತಾಳೆ" ಅಂದಿದ್ದ ಮನುಷ್ಯ. ನನಗೆ ಚಿಂತೆ ಇದ್ದದ್ದು ಇವರದು. ಅಣ್ಣ ಅಲ್ಲಿ ಹಾಗೇ ಸತ್ತುಹೋದರೆ ಇವರು ತಲೆಗೆ ನೀರು ಹಾಕಿಕೊಂಡು ಬಂದು ಕೂರುತ್ತಾರೆ, ಆಮೇಲೆ ನನ್ನ ಜೊತೆ ಈಗ ಆಡುವ ನಾಲ್ಕು ಮಾತನ್ನೂ ಆಡುವುದಿಲ್ಲ ಅಂತ ನನಗೆ ಖಾತ್ರಿ ಇತ್ತು.

ಜಗಳದ ಕಚೇರಿಯಲ್ಲಿ ಶಾಂಭವಿ ಅಂತ ಒಬ್ಬರು ಗುಮಾಸ್ತೆ. ರಿಜಿಸ್ಟರಿನಿಂದ ತಲೆ ಎತ್ತದೆ "ಯಾರ ಮೇಲೆ?" ಅಂದರು.

"ನಮ್ಮನೆಯವರ ಮೇಲೆ."

"ಗಂಡ-ಹೆಂಡತಿ ಗುರುವಾರ. ವಿಷಯ ಒಂದು ಸಾಲಿನಲ್ಲಿ ಬರೀರಿ."

'ಭಾವ ನಮ್ಮ ಮನೆಗೆ ಬಂದು ಇರಬೇಕು' ಅಂತ ಬರೆದೆ. ಅವರು ಓದಿ, ಈಗ ತಲೆ ಎತ್ತಿ ನೋಡಿದರು. "ನಿಮ್ಮ ಭಾವನೇ? ಅಂದ್ರೆ ಅವರ ಸ್ವಂತ ಅಣ್ಣ?" ಹೌದೆಂದೆ. ಅವರು ಮೊಹರು ಒತ್ತಿದರು. "ಎದುರಾಳಿ ಉಪಕರಣ ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ. ನೀವು ಕೇಳಿದ್ರೆ ಅವರೂ ಇಲ್ಲ ಅನ್ನೋ ಹಾಗಿಲ್ಲ. ಒಂದೇ ಮನೆ ಆದ್ರೂ ಬಾಯಿ ಬಿಟ್ಟು ಕೇಳಬೇಕು, ಕೇಳದೆ ತಗೊಂಡ್ರೆ ಕಳ್ಳತನ."

ನೋಟೀಸು ಇವರ ಕೈಗೆ ಬಂದಾಗ ಇವರು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡರು. ಮನೆಯ ಖರ್ಚು ಹೋಗಿ ಆ ತಿಂಗಳು ಮಿಕ್ಕಿದ್ದನ್ನು ಡಬ್ಬಿಯಿಂದ ತೆಗೆದು ಸರಿಯಾಗಿ ಅರ್ಧ ನನ್ನ ಮುಂದೆ ಇಟ್ಟರು. ಇನ್ನರ್ಧ ತಾವು ಇಟ್ಟುಕೊಂಡರು. "ನಡುಮನೆ ನಂದು" ಅಂದರು. ಅಲ್ಲಿಗೆ ಅಡುಗೆಮನೆ ನನ್ನ ಪಾಲಿಗೆ ಬಂತು.

ಆ ದುಡ್ಡಿಗೆ ಅಂಗಡಿಯಲ್ಲಿ ಒಂದು ಒಳ್ಳೆಯ ಮೋಟರು ಬರುತ್ತದೆ. ಬೇಕಾದದ್ದು ಎರಡು. ನಾನು ಗುಜರಿ ಅಂಗಡಿಯ ದಸ್ತಗೀರ್ ಸಾಹೇಬರ ಹತ್ತಿರ ಹೋದೆ. ಊರಿನ ಅರ್ಧ ಜಗಳಗಳು ಅವರ ಅಂಗಡಿಯಿಂದಲೇ ಹೊರಟು ಮುರಿದ ಮೇಲೆ ಅಲ್ಲಿಗೇ ವಾಪಸು ಬರುತ್ತವೆ. ಯಾರು ಯಾರ ಮೇಲೆ ಅಂತ ಅವರು ಕೇಳುವುದಿಲ್ಲ.

"ಹೊಡೆಯೋ ಯಂತ್ರವೋ, ನೂಕೋ ಯಂತ್ರವೋ?" ಅಂದರು.

"ಯಾವುದು ಅಗ್ಗ?"

"ನೂಕೋದು. ಹೊಡೆಯೋದಕ್ಕೆ ಇನ್ನೊಂದು ಮೋಟರು ಬೇಕು, ಅದಕ್ಕೆ ದೊಡ್ಡ ಬ್ಯಾಟರಿ ಬೇಕು. ನೂಕೋದಕ್ಕೆ ಎರಡು ಚಕ್ರ, ಮುಂದೆ ಒಂದು ಇಳಿಜಾರು ತಗಡು. ನೆಲಕ್ಕೆ ಅಂಟಿಕೊಂಡ ಹಾಗೆ ಇರಬೇಕು ಅಕ್ಕ. ಎದುರಿಗೆ ಬಂದದ್ದು ಅದರ ಮೇಲೆ ಹತ್ತಬೇಕು, ಹತ್ತಿ ಬೀಳಬೇಕು."

ಕೆಟ್ಟುಹೋದ ಎರಡು ಬ್ಯಾಟರಿ ಸ್ಕ್ರೂಡ್ರೈವರುಗಳನ್ನು ಹುಡುಕಿಕೊಟ್ಟರು. ಒಂದರ ಗುಂಡಿ ಮುರಿದಿತ್ತು, ಇನ್ನೊಂದರ ಚಾರ್ಜರು ಇರಲಿಲ್ಲ. ಎರಡರ ಮೋಟರೂ ಗೇರೂ ಚೆನ್ನಾಗಿದ್ದವು. ಒಂದು ಆಟಿಕೆ ಜೀಪಿನ ರಿಮೋಟು ಮತ್ತು ಆ ಜೀಪಿನ ಒಳಗಿನ ಸರ್ಕ್ಯೂಟ್ ಹಲಗೆಯನ್ನೂ ಕೊಟ್ಟರು. ಉಳಿದದ್ದನ್ನು ಮನೆಯಲ್ಲಿ ನೋಡಿಕೊಳ್ಳಿ ಅಂದರು.

ಮನೆಯಲ್ಲಿ ನೋಡಿದೆ. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆ ಯಂತ್ರದ ಮೈ ಆಯಿತು. ಚಕ್ರಕ್ಕೆ ಹಿಡಿತ ಬೇಕು ಅಂದಿದ್ದರು ಸಾಹೇಬರು. ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಬಿಲ್ಲೆಗಳನ್ನು ಕತ್ತರಿಸಿ, ಎರಡೆರಡು ಸೇರಿಸಿ ಅಂಟಿಸಿದೆ. ನನ್ನ ಚಪ್ಪಲಿ ಸವೆದು ಕಾಗದವಾಗಿತ್ತು, ಅದಕ್ಕೆ ಇವರದನ್ನು ತೆಗೆದುಕೊಂಡೆ. ಬಾಯಿ ಬಿಟ್ಟು ಕೇಳಿಯೇ ತೆಗೆದುಕೊಂಡೆ. ಚಪ್ಪಲಿ ಉಪಕರಣವೇ ಅಂತ ಇವರು ಸ್ವಲ್ಪ ಹೊತ್ತು ಯೋಚಿಸಿ, ಕಾಲಿನಿಂದ ಬಿಚ್ಚಿ ಕೊಟ್ಟರು. ಬರಿಗಾಲಲ್ಲಿ ಹಿತ್ತಲಿಗೆ ಹೋಗಿ ಬಂದು ಕಾಲು ತೊಳೆದುಕೊಂಡರು.

ಇಳಿಜಾರು ತಗಡಿಗೆ ನಾನು ಇಸ್ತ್ರಿ ಪೆಟ್ಟಿಗೆ ಬಿಚ್ಚಿದೆ. ಅದರ ತಳ ನುಣ್ಣಗೆ, ಮುಂದೆ ಚೂಪಾಗಿ, ದೇವರೇ ಇದಕ್ಕೆಂದು ಮಾಡಿಸಿದ ಹಾಗಿತ್ತು. ಮರುದಿನದಿಂದ ಇವರು ಮುದ್ದೆಯಾದ ಅಂಗಿಯಲ್ಲೇ ಪಂಪ್‌ಹೌಸಿಗೆ ಹೋದರು. ಅದರ ಮರುದಿನ ನಾನು ಚಟ್ನಿ ರುಬ್ಬಲು ಹೋದರೆ ಮಿಕ್ಸಿ ಜಾರಿನಲ್ಲಿ ಬ್ಲೇಡು ಇರಲಿಲ್ಲ. ನಡುಮನೆಯಲ್ಲಿ ಇವರು ಅದನ್ನು ಒಂದು ಮೋಟರಿಗೆ ಕೂರಿಸಿ, ಕಿವಿಗೆ ಹತ್ತಿರ ಹಿಡಿದು ತಿರುಗಿಸುತ್ತಾ, ಗಡಿಯಾರದ ಸದ್ದು ಕೇಳುವವರ ಹಾಗೆ ಕೇಳುತ್ತಿದ್ದರು. "ಮಿಕ್ಸಿ ಇಬ್ಬರದೂ ಅಲ್ವಾ?" ಅಂದೆ. "ಇಸ್ತ್ರಿ ಪೆಟ್ಟಿಗೆ?" ಅಂದರು. ಒಂದು ತಿಂಗಳು ನಮ್ಮ ಮನೆಯಲ್ಲಿ ಇಸ್ತ್ರಿಯೂ ಇರಲಿಲ್ಲ, ಚಟ್ನಿಯೂ ಇರಲಿಲ್ಲ.

ಇವರದು ಹೊಡೆಯುವ ಯಂತ್ರ. ಪಂಪ್‌ಹೌಸಿನ ಗೆಳೆಯರೊಬ್ಬರು ತಮ್ಮ ಹಳೇ ಜಗಳದ ಮೋಟರುಗಳನ್ನು ಕೊಟ್ಟಿದ್ದರು. ಬ್ಯಾಟರಿಗೆ ಇವರ ಪಾಲಿನ ದುಡ್ಡೆಲ್ಲ ಹೋಯಿತು. ಉಳಿದದ್ದನ್ನೆಲ್ಲ ಇವರು ಅರದಿಂದ ಉಜ್ಜಿ ಉಜ್ಜಿ ತಾವೇ ಮಾಡಿಕೊಂಡರು. ಇವರ ಯಂತ್ರ ನೋಡಿದರೆ ನನ್ನದನ್ನು ಅಡುಗೆಮನೆಯಲ್ಲೇ ಬಚ್ಚಿಡಬೇಕು ಅನ್ನಿಸುತ್ತಿತ್ತು. ಒಂದು ಸ್ಕ್ರೂ ಕೂಡ ತಲೆ ಎತ್ತಿರಲಿಲ್ಲ.

ಬೆಸುಗೆ ಹಾಕುವ ಕಡ್ಡಿ ಮನೆಯಲ್ಲಿ ಒಂದೇ, ಅದು ಇವರದು. ದಿನಕ್ಕೆ ನಾಲ್ಕು ಸಲ ನಡುಮನೆಗೆ ಹೋಗಿ "ಬೆಸುಗೆ ಕಡ್ಡಿ ಕೊಡ್ತೀರಾ?" ಅನ್ನುತ್ತಿದ್ದೆ. ಇವರು ಕೊಡುತ್ತಿದ್ದರು. ಐದು ನಿಮಿಷಕ್ಕೆ ಅಡುಗೆಮನೆ ಬಾಗಿಲಿಗೆ ಬಂದು "ಕತ್ತರಿ ಇದ್ಯಾ?" ಅನ್ನುತ್ತಿದ್ದರು. ಹೊಲಿಗೆಯ ಕತ್ತರಿ ನನ್ನದು. ಅದರಲ್ಲಿ ತಂತಿ ಕತ್ತರಿಸಿದರೆ ಬಾಯಿ ಹೋಗುತ್ತದೆ ಅಂತ ಗೊತ್ತಿದ್ದೂ ಕೊಡುತ್ತಿದ್ದೆ. ಒಂದು ದಿನ ಎಣಿಸಿ ನೋಡಿದರೆ ಬೆಳಗಿನಿಂದ ಸಂಜೆಯೊಳಗೆ ನಾವು ಇಪ್ಪತ್ತಮೂರು ಮಾತು ಆಡಿದ್ದೆವು.

ಮೊದಲ ಸಲ ಓಡಿಸಿದಾಗ ನನ್ನ ಯಂತ್ರ ಗ್ಯಾಸ್ ಸಿಲಿಂಡರಿನವರೆಗೆ ಹೋಗಿ ನಿಂತು ಹೊಗೆ ಬಿಟ್ಟಿತು. ಆಟಿಕೆಯ ಹಲಗೆ ಸುಟ್ಟುಹೋಗಿತ್ತು. ನಾನು ನೆಲದ ಮೇಲೆ ಕೂತು ಅತ್ತೆ. ಕೈಯಲ್ಲಿ ದುಡ್ಡಿರಲಿಲ್ಲ, ಹನ್ನೊಂದು ದಿನ ಉಳಿದಿತ್ತು. ಅಲ್ಲಿ ಭಾವ ಮುಚ್ಚಳ ತೆಗೆಯಲಾಗದೆ ಕೂತಿರುತ್ತಾರೆ ಅಂತ ನೆನಪಾಗಿ ಇನ್ನೂ ಅಳು ಬಂತು. ವಾಸನೆಗೆ ಇವರು ಬಾಗಿಲಿಗೆ ಬಂದು ನಿಂತರು. ಕಣ್ಣು ಯಂತ್ರದ ಮೇಲಿತ್ತು. "ಆಟಿಕೆ ಹಲಗೆ ಅಷ್ಟು ದೊಡ್ಡ ಮೋಟರು ತಡೆಯಲ್ಲ" ಅಂತ ಗೋಡೆಗೆ ಹೇಳಿದ ಹಾಗೆ ಹೇಳಿ ಹೊರಟುಹೋದರು. ಮರುದಿನ ದಸ್ತಗೀರ್ ಸಾಹೇಬರು, ಸೋತು ಬಂದ ಯಾರದೋ ಯಂತ್ರದ ಹಲಗೆ ಬಿಚ್ಚಿ ಕೊಟ್ಟರು. ಬದಲಿಗೆ ಅವರ ಮನೆಯಾಕೆಯ ಆರು ಸೀರೆಗೆ ಫಾಲ್ ಹಚ್ಚಿಕೊಟ್ಟೆ.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ನೂರಾನಲವತ್ತು ಗ್ರಾಂ ಜಾಸ್ತಿ. ಮಣೆಗೆ ತೂತು ಕೊರೆದೆ. ಇನ್ನೂ ಕೊರೆದೆ. ಕೊನೆಗೆ ಅದು ದೋಸೆಯ ಹಾಗೆ ತೂತು ತೂತಾಯಿತು. ಸ್ಕ್ರೂಗಳ ಬಾಲ ಕತ್ತರಿಸಿದೆ. ಅಂಗಡಿಯವರು ಸಕ್ಕರೆ ತೂಗುವುದನ್ನು ನಿಲ್ಲಿಸಿ ಮೂರು ಸಲ ನನ್ನ ಯಂತ್ರ ತೂಗಿಕೊಟ್ಟರು. ಮೂರನೇ ಸಲ ಮುಳ್ಳು ಸರಿಯಾಗಿ ನಡುವೆ ನಿಂತಿತು.

ಜಗಳಕ್ಕೆ ಎರಡು ದಿನ ಇರುವಾಗ ಇವರ ಸಣ್ಣ ಸ್ಕ್ರೂಡ್ರೈವರು ಕೇಳಲು ಹೋದೆ. ಇವರು ಯಂತ್ರವನ್ನು ಮೇಜಿನ ಮೇಲಿಟ್ಟು ಬಟ್ಟೆಯಿಂದ ಒರೆಸುತ್ತಿದ್ದರು. ಆಗ ನನಗೆ ಕಂಡಿತು. ಬ್ಯಾಟರಿಯನ್ನು ಇವರು ಬೆನ್ನ ಮೇಲೆ ಗೂನಿನ ಹಾಗೆ ಕೂರಿಸಿದ್ದರು. ಚಕ್ರಗಳು ಅದಕ್ಕಿಂತ ಗಿಡ್ಡ. ಮಗುಚಿ ಬಿದ್ದರೆ ಚಕ್ರ ನೆಲ ಮುಟ್ಟುವುದಿಲ್ಲ. ಆಮೆಯ ಹಾಗೆ ಬಿದ್ದಿರುತ್ತದೆ. ಇಪ್ಪತ್ತೆಂಟು ವರ್ಷ ಜೊತೆಗಿದ್ದ ಮನುಷ್ಯನಿಗೆ ಇದನ್ನು ಹೇಳಬೇಕೋ ಬೇಡವೋ ಅಂತ ಸ್ಕ್ರೂಡ್ರೈವರು ಹಿಡಿದು ನಿಂತೆ. "ಇನ್ನೇನಾದ್ರೂ ಬೇಕಿತ್ತಾ?" ಅಂದರು. "ಏನಿಲ್ಲ" ಅಂದೆ. ಆ ಸ್ಕ್ರೂಡ್ರೈವರು ಎರಡು ದಿನ ಅಡುಗೆಮನೆಯಲ್ಲೇ ಉಳಿಯಿತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಒಂದೇ ಆಟೋದಲ್ಲಿ ಹೋದೆವು, ತೊಡೆಯ ಮೇಲೆ ನಮ್ಮ ನಮ್ಮ ಯಂತ್ರ. ಕಣ ಅಂದರೆ ದಪ್ಪ ಗಾಜಿನ ಗೋಡೆಯ, ಸಿಮೆಂಟು ನೆಲದ ಚೌಕ. ಜಗಳ ಆಡುವವರು ಪಕ್ಕಪಕ್ಕದಲ್ಲಿ ಒಂದೇ ಬೆಂಚಿನ ಮೇಲೆ ಕೂರಬೇಕು. ನೋಡಲು ಹೆಚ್ಚು ಜನ ಇರಲಿಲ್ಲ. ಮುಂದಿನ ಸರದಿಗೆ ಕಾದಿದ್ದ ಒಂದು ಗಂಡ-ಹೆಂಡತಿ, ದಸ್ತಗೀರ್ ಸಾಹೇಬರು, ಅಷ್ಟೆ.

"ಮೆಣಸಿನಪುಡಿ ಮುಗಿದಿದೆ, ಹೋಗ್ತಾ ತಗೋಬೇಕು" ಅಂದೆ, ಏನಾದರೂ ಅನ್ನಬೇಕಲ್ಲ ಅಂತ.

"ಹ್ಞೂಂ" ಅಂದರು ಇವರು. ರಿಮೋಟು ಹಿಡಿದ ಇವರ ಹೆಬ್ಬೆರಳು ಆಗಲೇ ಗುಂಡಿಯ ಮೇಲಿತ್ತು. ನನ್ನದೂ.

ಶಾಂಭವಿ ಸೀಟಿ ಊದಿದರು. ಇವರ ಬ್ಲೇಡು ಕಿರ್ರೆಂದು ತಿರುಗಿ ಕಣ್ಣಿಗೆ ಕಾಣದ ಹಾಗಾಯಿತು. ನಮ್ಮ ಮನೆಯ ಚಟ್ನಿಯದೇ ಸದ್ದು, ಹತ್ತರಷ್ಟು ಜೋರು. ಮೊದಲ ಹೊಡೆತಕ್ಕೇ ನನ್ನ ಒಂದು ಚಕ್ರದ ಅರ್ಧ ಚಪ್ಪಲಿ ಹಾರಿ ಗಾಜಿಗೆ ಬಡಿಯಿತು. ಎರಡನೇ ಹೊಡೆತಕ್ಕೆ ಮಣೆಯ ಮೂಲೆ ಹೋಯಿತು. ನಾನು ಹಿಂದೆ ಹಿಂದೆ ಓಡಿಸಿದೆ. ಒಂದು ಚಕ್ರ ಸಣ್ಣದಾಗಿದ್ದರಿಂದ ನನ್ನ ಯಂತ್ರ ನೇರ ಹೋಗದೆ ಕುಂಟುತ್ತಾ ಸುತ್ತು ಹಾಕುತ್ತಿತ್ತು. ಇವರು ಅಟ್ಟಿಕೊಂಡು ಬಂದರು. ಮೂಲೆಯಲ್ಲಿ ನಾನು ಕಷ್ಟಪಟ್ಟು ತಿರುಗಿಸಿ ಇಸ್ತ್ರಿ ಪೆಟ್ಟಿಗೆಯ ಮೂತಿಯನ್ನು ಎದುರಿಗೆ ಒಡ್ಡಿದೆ. ಬ್ಲೇಡು ಅದಕ್ಕೆ ತಗುಲಿ ಠಣ್ಣೆಂದು ಕಿಡಿ ಹಾರಿತು. ತನ್ನ ಹೊಡೆತಕ್ಕೆ ತಾನೇ ಎಗರಿ, ಇವರ ಯಂತ್ರ ಇಳಿಜಾರು ಹತ್ತಿತು. ನಾನು ಕಣ್ಣು ಮುಚ್ಚಿಕೊಂಡು ಮುಂದಕ್ಕೆ ನೂಕಿದೆ. ಕಣ್ಣು ಬಿಟ್ಟಾಗ ಅದು ಬೆನ್ನಿನ ಮೇಲೆ ಬಿದ್ದು, ನಾಲ್ಕು ಚಕ್ರ ಗಾಳಿಯಲ್ಲಿ ತಿರುಗಿಸುತ್ತಿತ್ತು.

ಶಾಂಭವಿ ಹತ್ತರವರೆಗೆ ಎಣಿಸಿದರು. ಎಂಟಕ್ಕೆ ಇವರು ರಿಮೋಟನ್ನು ಬೆಂಚಿನ ಮೇಲೆ ಇಟ್ಟರು.

"ನಂಗೆ ಬ್ಯಾಟರಿ ಗೂನು ಕಂಡಿತ್ತು. ಹೇಳಲಿಲ್ಲ" ಅಂದೆ.

"ಗೊತ್ತು. ಸ್ಕ್ರೂಡ್ರೈವರು ವಾಪಸು ಕೊಡೋಕೆ ನೀನು ಬರಲೇ ಇಲ್ಲ" ಅಂದರು ಇವರು. "ನಿಂಗೆ ಏನು ಕಂಡಿರಬಹುದು ಅಂತ ಆಮೇಲೆ ನಾನೂ ಹುಡುಕಿ ನೋಡ್ದೆ. ಅಷ್ಟರಲ್ಲಿ ಬ್ಯಾಟರಿ ಇಳಿಸೋಕೆ ಕೆಳಗಡೆ ಜಾಗ ಇರಲಿಲ್ಲ." ಅದು ನಿಜವೋ, ಜಾಗ ಇದ್ದೂ ಹಾಗೇ ಬಿಟ್ಟರೋ, ನಾನು ಕೇಳಲಿಲ್ಲ. ತೀರ್ಮಾನವಾದ ವಿಷಯ.

ಸೋತವರು ನಡೆಸಿಕೊಡಬೇಕಾದ್ದರಿಂದ ಭಾವನನ್ನು ಕರೆತರಲು ಇವರೇ ಹೋಗಬೇಕಾಯಿತು. ಹೊಸ ಚಪ್ಪಲಿ ಕೊಂಡು, ಮುದ್ದೆಯಾದ ಅಂಗಿ ತೊಟ್ಟು ಬಸ್ಸು ಹತ್ತಿದರು. ಮೂರನೇ ದಿನ ಮಧ್ಯಾಹ್ನ ಮನೆ ಮುಂದೆ ಒಂದು ಕಾರು ನಿಂತಿತು. ಇವರು ಅಣ್ಣನ ಕಂಕುಳಿಗೆ ಕೈ ಕೊಟ್ಟು ಇಳಿಸಿದರು. ನನ್ನ ನೆನಪಿನಲ್ಲಿದ್ದ ಭಾವನಿಗೆ ಹೊಟ್ಟೆ ಇತ್ತು, ದನಿ ಇತ್ತು. ಕಾರಿನಿಂದ ಇಳಿದವರಿಗೆ ಎರಡೂ ಇರಲಿಲ್ಲ. ಗಡ್ಡ ಹೊಸದಾಗಿ ಬೋಳಿಸಿತ್ತು, ಗಲ್ಲದಲ್ಲಿ ಎರಡು ಕಡೆ ಬ್ಲೇಡು ತಾಗಿದ ಗೀರು. ಅಷ್ಟು ನಾಜೂಕಿನ ಕೈಯವರು ಇವರು, ಅಣ್ಣನಿಗೆ ಕ್ಷೌರ ಮಾಡುವಾಗ ಎರಡು ಸಲ ತಪ್ಪಿದ್ದರು.

"ಬನ್ನಿ ಭಾವ" ಅಂದೆ.

"ಆಯ್ತು" ಅಂದರು ಭಾವ.

"ಪ್ರಯಾಣ ಸುಸ್ತಾಯ್ತಾ?"

"ಆಯ್ತು."

ಇವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅದೊಂದೇ ಮಾತು ಉಳಿದಿರೋದು. ಏನು ಕೇಳಿದ್ರೂ ಅದೇ. ಡಾಕ್ಟರು ಹೇಳಿದ್ರಂತೆ, ಬಂದ್ರೆ ನಿಧಾನಕ್ಕೆ ಬರಬಹುದು, ಬರದೆಯೂ ಇರಬಹುದು."

ನಡುಮನೆಯಲ್ಲಿ ಕಿಟಕಿ ಪಕ್ಕ ಭಾವನ ಮಂಚ ಹಾಕಿದೆವು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ತಿನ್ನಿಸುವುದು ಎಲ್ಲ ಇವರೇ. ತೀರ್ಪು ನಡೆಸುವುದು ಅಂದರೆ ಪೂರ್ತಿ ನಡೆಸಬೇಕು ಅನ್ನುವ ಜಾತಿಯವರು ಇವರು. ಮೊದಲ ವಾರ ತುಟಿ ಬಿಚ್ಚದೆ ಮಾಡಿದರು. ಎರಡನೇ ವಾರ, ಒಂದು ಬೆಳಿಗ್ಗೆ, ಬೆನ್ನು ಉಜ್ಜುತ್ತಾ ಉಜ್ಜುತ್ತಾ ಇವರು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಅಣ್ಣಯ್ಯ. ಆವತ್ತಿನ ಯಂತ್ರ ನೀನೇ ಮಾಡಿದ್ದಾ?"

"ಆಯ್ತು."

"ಬೇರೆಯವರ ಕೈಲಿ ಮಾಡಿಸಿದ್ದಾ?"

"ಆಯ್ತು."

ಇವರು ಒಂದು ಚೊಂಬು ನೀರು ಹಾಕಿದರು. "ಹತ್ತೊಂಬತ್ತು ವರ್ಷ ಇದನ್ನ ಕೇಳಬೇಕು ಅಂತ ಕಾದಿದ್ದೆ ಕಣೋ" ಅಂದರು. ಭಾವ ಅದಕ್ಕೂ "ಆಯ್ತು" ಅಂದರು. ಇನ್ನೊಂದು ಚೊಂಬು ನೀರು ಬಿದ್ದ ಸದ್ದು ಬಂತು. ಆಮೇಲೆ ಇವರು ದಿನಾ ಮಾತಾಡತೊಡಗಿದರು. ಅಂಗಡಿಯ ಕಥೆ, ಅಪ್ಪನ ಭೂತಗನ್ನಡಿಯ ಕಥೆ, ತಾವು ರಿಪೇರಿ ಮಾಡಿದ ಗಡಿಯಾರವನ್ನು ಅಣ್ಣ ತಾನೇ ಮಾಡಿದ್ದು ಅಂತ ಗಿರಾಕಿಗೆ ಹೇಳಿದ ಕಥೆ. ಎಲ್ಲಕ್ಕೂ ಭಾವ ಒಪ್ಪಿಕೊಂಡರು. ಇವರು ಗೆದ್ದರು, ಬೆಳಿಗ್ಗೆಯಿಂದ ಸಂಜೆಯವರೆಗೆ ಗೆದ್ದರು. ಆದರೆ ಮುಖದಲ್ಲಿ ಗೆಲುವಿರಲಿಲ್ಲ. "ಇವನ ಜೊತೆ ಏನು ಮಾತಾಡೋದು, ಎಲ್ಲಕ್ಕೂ ಹ್ಞೂಂಗುಟ್ಟುತ್ತಾನೆ" ಅಂತ ಅಡುಗೆಮನೆಗೆ ಬಂದು ನನ್ನ ಹತ್ತಿರ ದೂರಿದರು. ಒಂದು ದಿನ ನೋಡಿದರೆ ಅಣ್ಣನ ಪಕ್ಕ ಮಂಚದ ಮೇಲೆ ಕೂತು, ಅವರ ಸ್ವಾಧೀನ ತಪ್ಪಿದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚುತ್ತಿದ್ದರು.

ಮೂರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಬೇಳೆಗೆ ಇಟ್ಟಿದ್ದೆ. ನಡುಮನೆಯಲ್ಲಿ ಇವರು ಭಾವನಿಗೆ ರಾಗಿ ಗಂಜಿ ತಿನ್ನಿಸುತ್ತಿದ್ದರು. "ಇನ್ನೊಂದು ಚಮಚ" ಅನ್ನುವುದು, ಚಮಚ ಬಟ್ಟಲಿಗೆ ತಾಗುವುದು, "ಆಯ್ತು" ಅನ್ನುವುದು, ಇವೆಲ್ಲ ದಿನನಿತ್ಯದ ಸದ್ದು.

"ಇನ್ನೊಂದು ಚಮಚ."

"ಬೇಡ."

ಚಮಚದ ಸದ್ದು ನಿಂತಿತು.

"ಏನಂದೆ?"

"ಬೇಡ" ಅಂದರು ಭಾವ. ಈ ಸಲ ಇನ್ನೂ ಸ್ಪಷ್ಟವಾಗಿ, ಸ್ವಲ್ಪ ಗದರಿದ ಹಾಗೆ.

"ಬೇಡ ಅಂದ್ರೆ?" ಇವರ ದನಿ ಏರಿತು. ಆ ದನಿ ನಾನು ಹತ್ತೊಂಬತ್ತು ವರ್ಷದಿಂದ ಕೇಳಿರಲಿಲ್ಲ. "ಅರ್ಧ ಬಟ್ಟಲು ಹಾಗೇ ಇದೆ. ತಿನ್ನದೆ ಕೈಗೆ ಶಕ್ತಿ ಎಲ್ಲಿಂದ ಬರತ್ತೆ? ಬಾಯಿ ಬಿಡು."

"ಬೇಡ!"

"ನೀನು ಮೊದಲಿಂದ್ಲೂ ಹೀಗೇ! ಯಾರ ಮಾತು ಕೇಳಿದೀಯ ನೀನು?"

"ಬೇಡ, ಬೇಡ!"

ಇವರು ಬೈಯುತ್ತಿದ್ದರು, ನಡುನಡುವೆ ನಗು ಬಂದು ಮಾತು ತುಂಡಾಗುತ್ತಿತ್ತು. ಭಾವ ಪ್ರತಿ ಸಲವೂ ಹೊಸದಾಗಿ ಬೇಡ ಅನ್ನುತ್ತಿದ್ದರು. ಕುಕ್ಕರು ಬುಸುಗುಡಲು ಶುರು ಮಾಡಿತು. ಅದು ಕೂಗಿದರೆ ಜಗಳ ಕೇಳಿಸುವುದಿಲ್ಲ ಅಂತ ನಾನು ಒಲೆ ಆರಿಸಿ, ಬಾಗಿಲ ಹಿಂದೆ ನಿಂತುಕೊಂಡೆ.